ಏಳನೇ ನಂಬರಿನ ಕಿವಿ

ಏಳನೇ ನಂಬರಿನ ಮಂಗ ಬಾಲಪ್ಪನ ಬಲಗೈ ಹೆಬ್ಬೆರಳಿನ ಬುಡವನ್ನು ಕಚ್ಚಿ ಹಿಡಿದಿತ್ತು. ಬೇರೆ ಯಾರೇ ಆಗಿದ್ದರೂ ಕೈ ಎಳೆದುಕೊಳ್ಳುತ್ತಿದ್ದರು, ಅರ್ಧ ಬೆರಳನ್ನು ಅದರ ಬಾಯಲ್ಲೇ ಬಿಟ್ಟು ಬರುತ್ತಿದ್ದರು. ಬಾಲಪ್ಪ ಎಳೆಯಲಿಲ್ಲ. ತುಟಿ ಬಿಗಿದು ಕೈಯನ್ನು ಇನ್ನಷ್ಟು ಅದರ ಗಂಟಲಿನ ಕಡೆಗೆ ತಳ್ಳಿದ. ಉಸಿರು ಕಟ್ಟಿದ ಮಂಗ ಒಂದು ಗಳಿಗೆ ಒದ್ದಾಡಿ ದವಡೆ ಸಡಿಲಿಸಿತು. ರಕ್ತ ಮೇಜಿನ ಬಿಳಿ ಹಾಸಿನ ಮೇಲೆ, ಬಾಲಪ್ಪನ ಅಂಗಿಯ ಮೇಲೆ, ನೆಲದ ಮೇಲೆ ಸಿಡಿಯಿತು. ಬಾಗಿಲಲ್ಲಿ ನಿಂತಿದ್ದ ನಳಿನಾಕ್ಷಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಅರಿವಳಿಕೆ ಕಡಿಮೆಯಾಗಿತ್ತು, ಅಷ್ಟೆ. ಡಾಕ್ಟರ್ ಮ್ಯಾಥ್ಯೂ ಇನ್ನೊಂದು ಸಿರಿಂಜು ತಂದು ಮಂಗನ ತೊಡೆಗೆ ಚುಚ್ಚಿದರು. ಅದು ಕಣ್ಣು ತೆರೆದುಕೊಂಡೇ ಮಲಗಿತು.

"ಪ್ರಾಣಿಗೆ ಎಂತ ಆಗಲಿಲ್ಲ ಅಲ್ವಾ?" ಎಂದು ಅವರು ಕೇಳಿದರು.

"ಇಲ್ರಿ ಸರ್," ಎಂದ ಬಾಲಪ್ಪ. ಅವನ ಕೈಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು.

ಅದು ಎರಡು ಸಾವಿರದ ನಾಲ್ಕನೇ ಇಸವಿಯ ಒಂದು ಭಾನುವಾರದ ಬೆಳಿಗ್ಗೆ. ಮಣಿಪಾಲದಿಂದ ಪರ್ಕಳಕ್ಕೆ ಇಳಿಯುವ ರಸ್ತೆಯ ಆ ಸ್ಕ್ಯಾನಿಂಗ್ ಕೇಂದ್ರಕ್ಕೆ ಭಾನುವಾರ ರೋಗಿಗಳು ಬರುತ್ತಿರಲಿಲ್ಲ. ಆದ್ದರಿಂದ ಅದೇ ಆವರಣದ ಪ್ರಯೋಗಾಲಯದ ಮಂಗಗಳಿಗೆ ಆ ದಿನ ಮೀಸಲು. ರೋಗಿಗಳಿಗೆ ಈ ವಿಷಯ ಯಾರೂ ಹೇಳುತ್ತಿರಲಿಲ್ಲ, ಹೇಳಿದರೆ ಸೋಮವಾರ ಯಾರು ಮಲಗುತ್ತಾರೆ ಆ ಸ್ಕ್ಯಾನಿಂಗ್ ಮೇಜಿನ ಮೇಲೆ? ಮ್ಯಾಥ್ಯೂ ಅವರದು ಲಕ್ವದ ಔಷಧಿಯ ಪ್ರಯೋಗ. ಮಂಗನ ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ಹೆಪ್ಪುಗಟ್ಟಿದ ರಕ್ತದ ಚೂರೊಂದನ್ನು ಮೇಲಕ್ಕೆ ಬಿಡುವುದು. ಅದು ಮೆದುಳಿನ ಯಾವ ಕಡೆಗೆ ಹೋಗಿ ಕೂರುತ್ತದೆಂದು ಬಿಟ್ಟವರಿಗೂ ಗೊತ್ತಿರುವುದಿಲ್ಲ. ಮತ್ತೆ ಸ್ಕ್ಯಾನ್ ಮಾಡಿ, ಹಾಳಾದ ಜಾಗವನ್ನು ಕಂಪ್ಯೂಟರಿನಲ್ಲಿ ಗುರುತಿಸಿ, ತಲೆಬುರುಡೆಗೆ ತೂತು ಕೊರೆದು, ಸೂಜಿಯಲ್ಲಿ ಔಷಧಿಯನ್ನು ಅಲ್ಲಿಗೇ ಇಳಿಸುವುದು. ಔಷಧಿ ಖಾರದ್ದು, ಬಿದ್ದ ಕಡೆ ಒಂದಷ್ಟು ಸುಡುತ್ತದೆ. ಆದರೆ ಸತ್ತ ಜಾಗದಲ್ಲಿ ಸುಡುವುದಕ್ಕೆ ಏನೂ ಉಳಿದಿರುವುದಿಲ್ಲವಲ್ಲ ಎಂಬುದು ಅವರ ಧೈರ್ಯ.

ಜಾಗ ಗುರುತಿಸುವ ಪ್ರೋಗ್ರಾಂ ನಳಿನಾಕ್ಷಿಯ ಪಾಲಿನದು. ಹೆಜಮಾಡಿಯ ಮೀನುಗಾರರ ಮನೆಯ ಹುಡುಗಿ, ಕಂಪ್ಯೂಟರ್ ಓದಿಕೊಂಡು ಈ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ಮೂಲ ಪ್ರೋಗ್ರಾಂ ಮನುಷ್ಯರ ಮೆದುಳಿಗೆಂದು ಬರೆದದ್ದು. ಅದರ ಮೊದಲ ಕೆಲಸ ಚಿತ್ರದಿಂದ ಚರ್ಮ, ಕಿವಿ, ಬುರುಡೆ ಎಲ್ಲವನ್ನೂ ಸುಲಿದು ಬರೀ ಮೆದುಳನ್ನು ಉಳಿಸುವುದು. ಮಂಗನ ಚಿತ್ರ ಕೊಟ್ಟರೆ ಅದು ದವಡೆಯ ದಪ್ಪ ಸ್ನಾಯುವನ್ನೇ ಮೆದುಳೆಂದು ಹಿಡಿದು, ನಿಜವಾದ ಮೆದುಳನ್ನು ಕಸಕ್ಕೆ ಎಸೆಯುತ್ತಿತ್ತು. ಒಂದು ದೊಡ್ಡ ಲಿಂಬೆಹಣ್ಣಿನಷ್ಟು ಮೆದುಳೂ ಇರುತ್ತದೆ ಎಂದು ಅದಕ್ಕೆ ಕಲಿಸಲು ಅವಳಿಗೆ ಎಂಟು ತಿಂಗಳು ಹಿಡಿಯಿತು. ಕಲಿಸಿದ ದಿನ ಅವಳು ಉಡುಪಿಗೆ ಹೋಗಿ ಒಬ್ಬಳೇ ಐಸ್‌ಕ್ರೀಂ ತಿಂದು ಬಂದಿದ್ದಳು.

ಇನ್ನೊಂದು ಚಿಕ್ಕ ತೊಂದರೆ ಇತ್ತು, ಅದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಮನುಷ್ಯರು ಸ್ಕ್ಯಾನಿಂಗ್‌ಗೆ ಅಂಗಾತ ಮಲಗುತ್ತಾರೆ. ಅರಿವಳಿಕೆ ಕೊಟ್ಟ ಮಂಗನನ್ನು ಅಂಗಾತ ಮಲಗಿಸಿದರೆ ಉಸಿರಾಟಕ್ಕೆ ಕಷ್ಟ, ಅದನ್ನು ಕವುಚಿ ಮಲಗಿಸುತ್ತಿದ್ದರು. ಆದರೆ ಮೆಷಿನ್ ನೋಡಿಕೊಳ್ಳುವ ಫೌಸ್ಟಿನ್ ಪ್ರತಿ ಮಂಗನ ಹೆಸರಿನಲ್ಲೂ 'ಎರಡು ವರ್ಷದ ಮಗು, ಅಂಗಾತ' ಎಂದೇ ತುಂಬುತ್ತಿದ್ದ. "ಈ ಮೆಷಿನಿಗೆ ಮಂಗ ಅಂದರೆ ಗೊತ್ತಿಲ್ಲ ಮಾರಾಯ್ತಿ. ಮಗು ಅಂದರೆ ಸುಮ್ಮನೆ ಕೆಲಸ ಮಾಡ್ತದೆ," ಎನ್ನುತ್ತಿದ್ದ. ಹಾಗಾಗಿ ಚಿತ್ರಗಳು ತಲೆಕೆಳಗಾಗಿ ಬರುತ್ತಿದ್ದವು. ನಳಿನಾಕ್ಷಿ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದಳು. ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಚಿತ್ರ ನೆಟ್ಟಗಾಯಿತು, ಅವಳು ಆ ಸಾಲನ್ನು ಮರೆತೂ ಬಿಟ್ಟಳು.

ಬಾಲಪ್ಪನದು ಬಾಗಲಕೋಟೆಯ ಕಡೆ. ಕುರಿ ಕಾಯುವವರ ಮನೆತನ. ಕಟ್ಟಡದ ಕೆಲಸಕ್ಕೆಂದು ಹೆಂಡತಿ ಮರೆಮ್ಮನೊಂದಿಗೆ ಪರ್ಕಳಕ್ಕೆ ಬಂದವನು, ಪ್ರಾಣಿಗಳಿಗೆ ಹೆದರದವ ಬೇಕೆಂದು ಯಾರೋ ಕೇಳಿದಾಗ ಇಲ್ಲಿಗೆ ಬಂದು ಸೇರಿದ್ದ. ಬೋನು ತೊಳೆಯುವುದು, ಮಂಗ ಹಿಡಿಯುವುದು, ಸತ್ತದ್ದನ್ನು ಸುಡುವುದು ಅವನ ಕೆಲಸ. ಇವುಗಳ ಜೊತೆಗೆ ನೆಲಗಡಲೆಯ ಪರೀಕ್ಷೆಯೂ ಒಂದು. ದಿನವೂ ಸಂಜೆ ನಾಲ್ಕಕ್ಕೆ ಬೋನಿನ ಮುಂದೆ ಕುಳಿತು ಹತ್ತು ಕಾಳು ಹಿಡಿಯಬೇಕು, ಮಂಗ ಯಾವ ಕೈ ಚಾಚುತ್ತದೆಂದು ಚಾರ್ಟಿನಲ್ಲಿ ಬರೆಯಬೇಕು. ನಾಲ್ಕನೇ ತರಗತಿಯವರೆಗೆ ಓದಿದ್ದ ಅವನು 'ಎಡ', 'ಬಲ' ಎಂದು ದುಂಡಗೆ ಬರೆಯುತ್ತಿದ್ದ.

ಮೆದುಳಿನ ಬಲಭಾಗ ಹಾಳಾದರೆ ಎಡಗೈ ಬೀಳುತ್ತದೆ, ಎಡಭಾಗ ಹಾಳಾದರೆ ಬಲಗೈ. ಮೊದಲನೇ ಮಂಗನಿಗೇ ತಾಳೆ ತಪ್ಪಿತು. ಕಂಪ್ಯೂಟರು ಬಲಭಾಗ ಎಂದಿತು, ಬಾಲಪ್ಪ ಬಲಗೈ ಬಿದ್ದಿದೆ ಎಂದು ಬರೆದ. ಮ್ಯಾಥ್ಯೂ ಚಾರ್ಟನ್ನು ಅವನ ಮುಖಕ್ಕೆ ಎಸೆದರು. "ಎಡ ಬಲ ಗೊತ್ತಿಲ್ಲದವನನ್ನು ತಂದು ಕೂರಿಸಿದ್ದೀರಿ," ಎಂದು ನಳಿನಾಕ್ಷಿಗೆ ಹೇಳಿದರು.

ನಳಿನಾಕ್ಷಿ ಅವನಿಗೆ ತಾಳ್ಮೆಯಿಂದಲೇ ಪಾಠ ಮಾಡಿದಳು. ಅವನ ಎದುರು ನಿಂತು ಕೈಯೆತ್ತಿ ತೋರಿಸಿದಳು.

"ನೋಡಿ ಬಾಲಪ್ಪ, ಮಂಗ ನಿಮಗೆ ಎದುರಾಗಿ ಕೂತುಕೊಳ್ತದೆ ಅಲ್ವಾ. ನಿಮ್ಮ ಬಲಕ್ಕೆ ಕಾಣುವುದು ಅದರ ಎಡಗೈ. ನೀವು ಉಲ್ಟಾ ಬರೀತಾ ಇದ್ದೀರಿ."

"ನನಗ ಅದು ಗೊತ್ತೈತ್ರಿ ಅಕ್ಕಾರ. ಅದರ ಕೈನ ನೋಡಿ ಬರದೀನಿ."

"ಕಂಪ್ಯೂಟರ್ ಸುಳ್ಳು ಹೇಳ್ತದಾ?"

ಅವನು ಚಾರ್ಟನ್ನು ಅವಳ ಕಡೆಗೆ ಸರಿಸಿ, "ಆತ್ರಿ," ಎಂದ. ಅವಳು ಕೆಂಪು ಪೆನ್ನಿನಲ್ಲಿ ಚಾರ್ಟು ತಿದ್ದಿದಳು. ಬಲ ಇದ್ದಲ್ಲಿ ಎಡ, ಎಡ ಇದ್ದಲ್ಲಿ ಬಲ. ಹಾಗೆ ಆರು ಮಂಗಗಳ ಚಾರ್ಟನ್ನೂ ತಿದ್ದಿದಳು.

ಆ ಆರೂ ಉಳಿಯಲಿಲ್ಲ. ಸೂಜಿ ಹಾಕಿದ ಮೇಲೆ ಚೆನ್ನಾಗಿದ್ದ ಕೈಯೂ ಬಿದ್ದುಹೋಯಿತು. ಎರಡನೆಯದು ಎರಡೂ ಕೈಯಿಲ್ಲದೆ ಬಾಯಿಂದಲೇ ನೆಲದ ಕಾಳು ಹೆಕ್ಕಲು ಹೋಗಿ ತನ್ನ ನಾಲಿಗೆಯನ್ನೇ ಕಚ್ಚಿಕೊಂಡಿತು. ಐದನೆಯದು ಬೋನಿನ ಸರಳಿಗೆ ತಲೆ ಚಚ್ಚಿಕೊಳ್ಳುವ ಸದ್ದು ಎರಡು ದಿನ ನಳಿನಾಕ್ಷಿಯ ಕೋಣೆಗೆ ಕೇಳುತ್ತಿತ್ತು, ಮೂರನೇ ದಿನ ತಾನಾಗಿಯೇ ನಿಂತಿತು. ಉಳಿದವನ್ನು ಬಾಲಪ್ಪನೇ ತೋಳಲ್ಲಿ ಅವುಚಿ ಹಿಡಿದ, ಮ್ಯಾಥ್ಯೂ ಕೊನೆಯ ಸೂಜಿ ಚುಚ್ಚಿದರು. ಔಷಧಿಯ ಪ್ರಮಾಣ ಹೆಚ್ಚಾಯಿತು, ಮುಂದಿನದಕ್ಕೆ ಕಡಿಮೆ ಮಾಡುವ ಎಂದು ಅವರು ಪ್ರತಿ ಸಲವೂ ಹೇಳಿದರು.

ಈಗ ಏಳನೆಯದು. ಸ್ಕ್ಯಾನ್ ಮುಗಿದು ಅದನ್ನು ಬೋನಿಗೆ ಹಾಕಿದ ಮೇಲೆ ನಳಿನಾಕ್ಷಿಯೇ ಬಾಲಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹೊಲಿಗೆ ಹಾಕಿಸಿದಳು. ಹದಿಮೂರು ಹೊಲಿಗೆ. ಅವನು ಹೂಂ ಎನ್ನದೆ ಗೋಡೆ ನೋಡುತ್ತಿದ್ದ. ಹೊರಗೆ ಬೆಂಚಿನ ಮೇಲೆ ಕುಳಿತಾಗ ಮಾತ್ರ ಬಾಯಿ ತೆರೆದ.

"ಅಕ್ಕಾರ, ಹರಕಗಿವಿದು ಈ ಸಾರಿ ತಿದ್ದಬ್ಯಾಡ್ರಿ."

ಏಳನೆಯದನ್ನು ಅವನು ಹರಕಗಿವಿ ಎಂದು ಕರೆಯುತ್ತಿದ್ದ. ಬಲೆ ಹಾಕಿ ಹಿಡಿದು ತಂದ ದಿನವೇ ಪಕ್ಕದ ಬೋನಿನ ದೊಡ್ಡ ಗಂಡು ಗಡವ ಸರಳಿನ ಸಂದಿಯಿಂದ ಕೈ ಹಾಕಿ ಅದರ ಒಂದು ಕಿವಿಯನ್ನು ಅರ್ಧಕ್ಕೆ ಹರಿದು ಹಾಕಿತ್ತು. ಬಿಡಿಸಲು ಹೋದ ಬಾಲಪ್ಪ ಕಬ್ಬಿಣದ ಸಲಾಕೆಯಿಂದ ಗಡವನ ಮೊಣಕೈಗೆ ಹೊಡೆದಿದ್ದ.

"ನಿಮ್ಮ ಎಡಾ ಬಲಾ ನನಗ ಬ್ಯಾಡ್ರಿ. ನಾವು ಕುರಿ ಗುರುತು ಹಿಡಿಯೋದು ಕಿವಿ ಮ್ಯಾಲ. ಹರಕ ಕಿವಿ ಕಡಿ ಕೈ ನೆಟ್ಟಗೈತಿ. ಇಡೀ ಕಿವಿ ಕಡಿ ಕೈ ಬಿದ್ದೈತಿ. ಕೈ ಒಂದ ಕಡಿ ಬಿದ್ರ ತಲಿ ಇನ್ನೊಂದ ಕಡಿ ಕೆಟ್ಟಿರತೈತಿ ಅಂತ ನೀವ ಹೇಳೀರಲ್ಲ. ಹಂಗಾರ ತೂತು ಹರಕ ಕಿವಿ ಕಡಿ ಬೀಳಬೇಕು. ಇಷ್ಟ ನೋಡ್ರಿ, ಸಾಕು."

"ಕಂಪ್ಯೂಟರಿನಲ್ಲಿ ಕಿವಿ ಇರುವುದಿಲ್ಲ ಬಾಲಪ್ಪ. ಪ್ರೋಗ್ರಾಂ ಅದನ್ನು ಮೊದಲೇ ತೆಗೆದು ಹಾಕ್ತದೆ."

"ತೆಗೆಯೋಕಿನ ಮೊದಲ ನೋಡ್ರಿ."

ಅವಳಿಗೆ ಸಿಟ್ಟು ಬಂತು. ಎರಡು ವರ್ಷ ಕಣ್ಣು ಹಾಳು ಮಾಡಿಕೊಂಡು ಬರೆದದ್ದನ್ನು ಬೋನು ತೊಳೆಯುವವ ಪರೀಕ್ಷೆ ಮಾಡಲು ಹೊರಟಿದ್ದಾನೆ ಅನ್ನಿಸಿತು. ಪ್ರಯೋಗಾಲಯಕ್ಕೆ ಮರಳಿ ಎಂದಿನಂತೆ ಪ್ರೋಗ್ರಾಂ ಓಡಿಸಿದಳು. ಸುಲಿದ ಮೆದುಳು, ಅದರಲ್ಲಿ ಒಂದು ಬಿಳಿ ಕಲೆ, ಬಲಭಾಗ. ಪ್ರಿಂಟು ತೆಗೆದು ಮ್ಯಾಥ್ಯೂ ಅವರ ಮೇಜಿನ ಮೇಲಿಟ್ಟು, ಉಡುಪಿಗೆ ಬಂದು, ಹೆಜಮಾಡಿಗೆ ಬಸ್ಸು ಹತ್ತಿದಳು.

ಮನೆಯ ಹಿಂದೆ ತಾಯಿ ಕುಶಲಾ ನಂಗು ಮೀನು ಶುಚಿ ಮಾಡುತ್ತಿದ್ದಳು. ನಂಗಿಗೆ ಎರಡು ಕಣ್ಣೂ ಒಂದೇ ಬದಿಯಲ್ಲಿ, ಇನ್ನೊಂದು ಬದಿ ಬರೀ ಬಿಳಿ. ಹಲಗೆಯ ಮೇಲಿದ್ದ ಮೀನಿನ ತಲೆ ಆಚೆ ಇತ್ತು. "ಅದರ ತಲೆ ನನ್ನ ಕಡೆ ಮಾಡು," ಎಂದಳು ತಾಯಿ. ನಳಿನಾಕ್ಷಿ ಬಾಲ ಹಿಡಿದು ಮೀನನ್ನು ಮುಂದಕ್ಕೆ ಮಗುಚಿ ಹಾಕಿದಳು. ತಲೆ ತಾಯಿಯ ಕಡೆಗೇ ಬಂತು, ಆದರೆ ಕಣ್ಣು ಅಡಿಗೆ ಹೋಗಿ ಬಿಳಿ ಬದಿ ಮೇಲಾಯಿತು.

"ಮಗುಚಲಿಕ್ಕೆ ಯಾರು ಹೇಳಿದ್ದು? ತಿರುಗಿಸು," ಎಂದು ಕುಶಲಾ ಮೀನನ್ನು ಮತ್ತೆ ಮಗುಚಿ, ಹಲಗೆಯ ಮೇಲೇ ಅರ್ಧ ಸುತ್ತು ಜಾರಿಸಿದಳು. ತಲೆ ಅವಳ ಕಡೆಗೆ ಬಂತು, ಕಣ್ಣೂ ಮೇಲೇ ಉಳಿಯಿತು.

ನಳಿನಾಕ್ಷಿ ಹಲಗೆ ನೋಡುತ್ತಾ ನಿಂತಳು. ಕವುಚಿ ಮಲಗಿದ್ದನ್ನು ಅಂಗಾತ ಎಂದು ತಿಳಿದ ಮೆಷಿನ್ ಚಿತ್ರವನ್ನು ಅರ್ಧ ಸುತ್ತು ತಿರುಗಿಸಿ ಕೊಡುತ್ತದೆ. ಅದನ್ನು ನೆಟ್ಟಗೆ ಮಾಡಬೇಕಾದರೆ ಮತ್ತೆ ಅರ್ಧ ಸುತ್ತು ತಿರುಗಿಸಬೇಕು. ಅವಳು ಮಗುಚಿದ್ದಳು. ಮಗುಚಿದರೆ ಮೇಲು ಕೆಳಗು ಸರಿಯಾಗುತ್ತದೆ, ಎಡ ಬಲ ಮಾತ್ರ ಅದಲು ಬದಲಾಗಿಯೇ ಉಳಿಯುತ್ತದೆ. ಮೆದುಳಿನ ಎಡವೂ ಬಲವೂ ನೋಡಲು ಒಂದೇ ಥರ, ಯಾರ ಕಣ್ಣಿಗೆ ಬೀಳಬೇಕು?

"ದಾನೆ ಆಂಡ್ ಮಗಾ?" ಏನಾಯಿತೆಂದು ತಾಯಿ ತುಳುವಿನಲ್ಲಿ ಕೇಳಿದಳು. ಏನಿಲ್ಲ ಎಂದು ಅವಳು ಒಳಗೆ ಹೋದಳು.

ಮ್ಯಾಥ್ಯೂ ಅವರಿಗೆ ಫೋನ್ ಮಾಡಬಹುದಿತ್ತು. ಫೋನು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಮಾಡಲಿಲ್ಲ. ತಾನು ತಪ್ಪು ಯೋಚಿಸುತ್ತಿರಬಹುದು, ಬೆಳಿಗ್ಗೆ ಹೋಗಿ ನೋಡಿದರಾಯಿತು, ಸೂಜಿ ಹಾಕುವುದು ಹತ್ತು ಗಂಟೆಗೆ ತಾನೆ ಎಂದುಕೊಂಡಳು. ಅದರ ಅಡಿಯಲ್ಲಿ ಇನ್ನೊಂದು ಆಸೆಯೂ ಇತ್ತು. ಯಾರಿಗೂ ಗೊತ್ತಾಗದ ಹಾಗೆ ಆ ಸಾಲನ್ನು ತಿದ್ದಿಬಿಡಬಹುದು. ಆ ಆಸೆಗೆ ಅವಳಿಗೆ ನಾಚಿಕೆಯಾಯಿತು, ಆದರೂ ಅದು ಹೋಗಲಿಲ್ಲ.

ಸೋಮವಾರ ಕಾಪು ದಾಟಿ ಉಡುಪಿಗೆ, ಉಡುಪಿಯಿಂದ ಮೇಲೆ ಮಣಿಪಾಲಕ್ಕೆ ಬಸ್ಸಿನಲ್ಲಿ ನಿಂತೇ ಬಂದಳು. ಎಂಟೂವರೆಗೆ ಕಂಪ್ಯೂಟರಿನ ಮುಂದೆ ಕುಳಿತು, ಸುಲಿಯುವ ಮೊದಲಿನ ಚಿತ್ರವನ್ನು ತೆರೆದಳು. ಎರಡು ವರ್ಷದಲ್ಲಿ ಅದನ್ನು ಅವಳು ಸರಿಯಾಗಿ ನೋಡಿದ್ದೇ ಇಲ್ಲ. ದವಡೆ, ಬುರುಡೆ, ಎರಡೂ ಬದಿಗೆ ಕಿವಿ. ಒಂದು ಕಿವಿ ಇಡಿಯಾಗಿತ್ತು, ಇನ್ನೊಂದು ಅರ್ಧಕ್ಕೆ ನಿಂತಿತ್ತು. ಮೆದುಳಿನ ಬಿಳಿ ಕಲೆ ಇದ್ದದ್ದು ಹರಕು ಕಿವಿಯ ಬದಿಯಲ್ಲಿ. ಚಿತ್ರದಲ್ಲಿ ಆ ಬದಿಗೆ 'ಬಲ' ಎಂದು ಗುರುತಿತ್ತು. ಹರಿದದ್ದು ಎಡಗಿವಿ ಎಂಬುದು ಬೋನಿನ ಮುಂದೆ ಒಂದು ಸಲ ಹಾದು ಹೋದವರಿಗೂ ಗೊತ್ತು.

ಅಷ್ಟರಲ್ಲಿ ಹೊರಗೆ ಏನೋ ಬಿದ್ದ ಸದ್ದಾಯಿತು. ಲೋಹದ ತಟ್ಟೆ, ಗಾಜು. ಆಮೇಲೆ ಒದೆಯ ಸದ್ದು. ಒದೆಯ ಸದ್ದೆಂದು ಅವಳಿಗೆ ಕೂಡಲೇ ತಿಳಿಯಿತು, ಬಂದರಿನಲ್ಲಿ ಕುಡಿದವರ ಜಗಳ ನೋಡಿ ಬೆಳೆದವಳು ಅವಳು. "ನಾ ಬಿಡಂಗಿಲ್ಲ. ಈ ಕಡಿ ಅಲ್ಲ," ಎಂಬ ಬಾಲಪ್ಪನ ದನಿ ಕೇಳಿತು. ನಳಿನಾಕ್ಷಿಯ ಬೆರಳುಗಳು ಕೀಲಿಮಣೆಯ ಮೇಲಿದ್ದವು. ಅವು ತಾವಾಗಿಯೇ ಆ ಸಾಲನ್ನು ಹುಡುಕಿ ತಿದ್ದಿದವು. ಹೊರಗೆ ಒಂದು ಏಟು ಬಿತ್ತು. ಅವಳು ಸೇವ್ ಮಾಡಿದಳು. ಇನ್ನೊಂದು ಬಿತ್ತು. ಮೂರನೆಯದಕ್ಕೆ ಬಾಲಪ್ಪ ಕೂಗಿದ. ಹದಿಮೂರು ಹೊಲಿಗೆಗೆ ಹೂಂ ಎನ್ನದವನು ಕೂಗಿದ ಮೇಲೆ ಅವಳು ಎದ್ದಳು.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ತೆರೆದಿತ್ತು. ಮ್ಯಾಥ್ಯೂ ಅವರಿಗೆ ಮಧ್ಯಾಹ್ನ ವಿಮಾನ ಹಿಡಿಯುವುದಿತ್ತಂತೆ, ಕೆಲಸ ಬೇಗ ಶುರುವಾಗಿತ್ತು. ಮೇಜಿನ ಮೇಲೆ ಏಳನೆಯದು ಮಲಗಿತ್ತು. ಅದರ ಇಡೀ ಕಿವಿಯ ಬದಿಯ ತಲೆ ಬೋಳಿಸಿ, ಚರ್ಮ ಕತ್ತರಿಸಿ, ಎರಡು ಇಕ್ಕಳದಲ್ಲಿ ಹಿಗ್ಗಿಸಿ ಹಿಡಿದಿದ್ದರು. ಬುರುಡೆ ಕಾಣುತ್ತಿತ್ತು, ಕೊರೆದಿರಲಿಲ್ಲ. ಬಾಲಪ್ಪ ನೆಲದಲ್ಲಿ ಕುಳಿತು ಡ್ರಿಲ್ಲಿನ ವಯರನ್ನು ಎದೆಗೆ ಸುತ್ತಿಕೊಂಡಿದ್ದ. ಕಾವಲಿನ ಜಿತೇಂದ್ರ ಅವನ ಕೂದಲು ಹಿಡಿದಿದ್ದ, ಮತ್ತೊಬ್ಬ ಕಾವಲುಗಾರ ಲಾಠಿಯಿಂದ ಅವನ ಬ್ಯಾಂಡೇಜಿನ ಕೈಗೇ ಹೊಡೆಯುತ್ತಿದ್ದ, ವಯರು ಹಿಡಿದದ್ದು ಅದೇ ಕೈಯಾದ್ದರಿಂದ. ಬ್ಯಾಂಡೇಜು ಬಿಚ್ಚಿ ಹೊಲಿಗೆ ಬಾಯಿ ಬಿಟ್ಟಿತ್ತು. ಅವನ ಒಂದು ಹಲ್ಲು ನೆಲದ ಮೇಲಿತ್ತು. ಮ್ಯಾಥ್ಯೂ ಕೈಗವಸಿನ ಎರಡು ಕೈಯನ್ನೂ ಮೇಲೆತ್ತಿ, ಏನೂ ಮುಟ್ಟದ ಹಾಗೆ, ಕಾಯುತ್ತಾ ನಿಂತಿದ್ದರು.

"ಸರ್, ಅವರು ಹೇಳುವುದು ಸರಿ," ಎಂದಳು ನಳಿನಾಕ್ಷಿ. ಯಾರೂ ತಿರುಗಲಿಲ್ಲ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. "ತಪ್ಪು ನನ್ನದು. ಪ್ರೋಗ್ರಾಂನಲ್ಲಿ ಎಡ ಬಲ ತಿರುಗಿ ಹೋಗಿದೆ."

ಲಾಠಿ ನಿಂತಿತು. ಮ್ಯಾಥ್ಯೂ ಮುಖವಾಡದ ಮೇಲಿಂದ ಅವಳನ್ನು ನೋಡಿದರು.

"ಇದರದ್ದು ಮಾತ್ರವಾ?"

"ಎಲ್ಲದರದ್ದೂ."

"ಆರೂ?"

"ಹೌದು ಸರ್. ಆರೂ."

ಬಯ್ಯುತ್ತಾರೆಂದು ಅವಳು ಕಾದಳು, ಬಯ್ದರೆ ಒಳ್ಳೆಯದಿತ್ತು. ಅವರು ಕೈಗವಸು ಕಳಚಿ ಬುಟ್ಟಿಗೆ ಹಾಕಿದರು. "ಹೊಲಿಗೆ ಹಾಕಿ ಬೋನಿಗೆ ಬಿಡಿ. ಮುಂದಿನ ವಾರ ಆಚೆ ಬದಿಗೆ ಹಾಕುವ. ಆ ಆರರದ್ದು ಎಲ್ಲಿಯೂ ಬರೆಯುವುದು ಬೇಡ," ಎಂದರು. ಬಾಗಿಲಿಗೆ ಹೋಗಿ ತಿರುಗಿ, ಗದ್ದದಿಂದಲೇ ಬಾಲಪ್ಪನ ಕಡೆ ತೋರಿಸಿ, "ಅವನಿಗೂ ಹೊಲಿಗೆ ಹಾಕಿಸಿ," ಎಂದರು.

ನಳಿನಾಕ್ಷಿ ಅವನ ಪಕ್ಕ ಕೂತು ಎದೆಗೆ ಸುತ್ತಿದ ವಯರನ್ನು ಬಿಡಿಸಲು ಕೈ ಹಾಕಿದಳು. ಅವನು ಅವಳ ಕೈಯನ್ನು ಸರಿಸಿದ. ತಾನೇ ಎಡಗೈಯಿಂದ ಬಿಡಿಸಿಕೊಂಡ.

"ಆರನ್ನೂ ನಾನ ಹಿಡಿದಿದ್ನಿರಿ," ಎಂದ. "ನನ್ನ ಅಂಗಿ ಕಚ್ಚಕೊಂಡ ಸತ್ತಾವು."

ಕ್ಷಮಿಸಿ ಎಂದಳು ಅವಳು, ಅದು ಅವಳಿಗೇ ಕೇಳಿಸಲಿಲ್ಲ.

ಸಂಜೆ ನಾಲ್ಕಕ್ಕೆ ಅವನು ಮನೆಗೆ ಹೋಗದೆ ಬೋನಿನ ಕೋಣೆಗೇ ಬಂದ. ಬಲಗೈ ಪ್ಲಾಸ್ಟರಿನಲ್ಲಿತ್ತು, ಲಾಠಿ ತಾಗಿದ ಎಡಗೈಯ ಬೆರಳುಗಳೂ ಊದಿ ಮಡಚಲು ಬರುತ್ತಿರಲಿಲ್ಲ. ನಳಿನಾಕ್ಷಿ ಅಲ್ಲಿ ಆರು ಚಾರ್ಟು ಹರಡಿಕೊಂಡು ಕುಳಿತಿದ್ದಳು. ತನ್ನ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಹೊಡೆದು ಹಾಕಿ, ಅವನು ಬರೆದದ್ದನ್ನೇ ಮತ್ತೆ ಬರೆದು, ಪಕ್ಕದಲ್ಲಿ ತನ್ನ ಹೆಸರು ಹಾಕುತ್ತಿದ್ದಳು. ಎಲ್ಲಿಯೂ ಬರೆಯುವುದು ಬೇಡ ಎಂದವರು ಆಗ ವಿಮಾನದಲ್ಲಿದ್ದರು. ಬಾಲಪ್ಪ ನಿಂತು ನೋಡಿದ.

"ಶೇಂಗಾ ಕೊಡೋ ಹೊತ್ತಾತು," ಎಂದ. "ನನಗ ಆಗಂಗಿಲ್ಲ. ನೀವು ಕೊಡ್ರಿ."

ಅವಳು ಈವರೆಗೆ ಒಂದು ಕಾಳನ್ನೂ ಕೊಟ್ಟವಳಲ್ಲ. ಡಬ್ಬಿಯಿಂದ ಒಂದನ್ನು ತೆಗೆದು ಬೋನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಏಳನೆಯದು ಮೂಲೆಯಲ್ಲಿತ್ತು. ಬೋಳು ತಲೆಯ ಮೇಲೆ ಕಪ್ಪು ದಾರದ ಹೊಲಿಗೆ, ಆ ಬದಿಯ ಕೈ ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು. ಅದು ನಿಧಾನವಾಗಿ ಸರಳಿನ ಹತ್ತಿರ ಬಂತು. ಹರಕು ಕಿವಿಯ ಬದಿಯ ಕೈ ಹೊರಗೆ ಬಂತು. ಕಾಳನ್ನು ಮುಟ್ಟಲಿಲ್ಲ. ಅದನ್ನು ದಾಟಿ ಬಂದು ಅವಳ ಮಣಿಕಟ್ಟನ್ನು ಹಿಡಿದು ಒಳಕ್ಕೆ ಜಗ್ಗಿತು. ಅವಳ ಭುಜ ಸರಳಿಗೆ ಬಡಿಯಿತು, ಅಂಗೈಯ ಅಂಚಿಗೆ ಹಲ್ಲು ಇಳಿಯಿತು.

"ಎಳೀಬ್ಯಾಡ್ರಿ," ಎಂದ ಬಾಲಪ್ಪ, ಇದ್ದಲ್ಲಿಂದ ಕದಲದೆ. "ಒಳಗ ತಳ್ರಿ."

ಕಣ್ಣಿಗೆ ಕತ್ತಲು ಬಂತು. ಅವಳು ಎಳೆಯಲಿಲ್ಲ. ಬಿಸಿ ಉಸಿರಿನೊಳಕ್ಕೆ, ನಾಲಿಗೆಯ ಮೇಲೆ, ಕೈಯನ್ನು ತಳ್ಳಿದಳು. ದವಡೆ ಸಡಿಲವಾಯಿತು.

"ಅದರ ಕೈ ಗಟ್ಟಿ ಐತಿ ಅಲ್ರೀ?" ಎಂದು ಅವನು ಕೇಳಿದ.

"ಉಂಟು," ಎಂದಳು ಅವಳು.

ಕಾಳು ನೆಲಕ್ಕೆ ಬಿದ್ದು ಬೋನಿನ ಕೆಳಗೆ ಉರುಳಿತು. ಏಳನೆಯದು ಬಾಯಿ ಬಿಟ್ಟಿತ್ತು, ಎಡಗೈಯಿಂದ ಅವಳ ಮಣಿಕಟ್ಟನ್ನು ಮಾತ್ರ ಇನ್ನೂ ಹಿಡಿದೇ ಇತ್ತು.